ವರ್ಚುವಲ್ ಯಂತ್ರಗಳ ನೆಟ್‌ವರ್ಕ್ ಪೋರ್ಟ್‌ಗಳು

ಒಂದೇ ಸರ್ವರ್‌ನ ಒಳಗೆ ಹಲವು ಕಂಪ್ಯೂಟರ್‌ಗಳನ್ನು ತಂತ್ರಾಂಶದಿಂದಲೇ ಕಟ್ಟಿ ನಡೆಸುವ ವಿಧಾನಕ್ಕೆ ವರ್ಚುವಲೀಕರಣ ಎಂದು ಹೆಸರು. ಹಾಗೆ ಹುಟ್ಟಿದ ಯಂತ್ರಗಳನ್ನೂ ಅವನ್ನು ಹೊತ್ತ ಸರ್ವರನ್ನೂ ದೂರದಿಂದ ತಲುಪಲು, ನೋಡಲು, ನಡೆಸಲು ಬಳಕೆಯಾಗುವ ಟಿಸಿಪಿ ಮತ್ತು ಯುಡಿಪಿ ಪೋರ್ಟ್ ಸಂಖ್ಯೆಗಳು ಈ ಲೇಖನದ ವಿಷಯ. ಮೇಜಿನ ಮೇಲಿನ ಕಂಪ್ಯೂಟರ್‌ಗೆ ಕೀಬೋರ್ಡ್ ಇದೆ, ಪರದೆ ಇದೆ, ಕೈಕೊಟ್ಟರೆ ಒತ್ತಿ ಆರಿಸಲು ಒಂದು ಗುಂಡಿ ಇದೆ. ವರ್ಚುವಲ್ ಯಂತ್ರಕ್ಕೆ ಮೈಯೇ ಇಲ್ಲ. ಅದರ ಪರದೆಯೂ ಗುಂಡಿಯೂ ನೆಟ್‌ವರ್ಕ್‌ನಲ್ಲಿ ಯಾವುದೋ ಒಂದು ಸಂಖ್ಯೆಯ ಹಿಂದೆ ಇರುತ್ತವೆ. ಸಂಖ್ಯೆ ತಪ್ಪಿದರೆ ಅಥವಾ ನಡುವಿನ ಫೈರ್‌ವಾಲ್ ಅದನ್ನು ತಡೆದರೆ, ಯಂತ್ರ ಆರೋಗ್ಯವಾಗಿ ಓಡುತ್ತಿದ್ದರೂ ಅದನ್ನು ನೋಡಿಕೊಳ್ಳುವವರ ಪಾಲಿಗೆ ಇಲ್ಲದಂತೆಯೇ.

ವಠಾರವನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಅಂಗಳದ ಸುತ್ತ ಹತ್ತು ಮನೆ. ಪ್ರತಿ ಮನೆಗೂ ಅದರದೇ ಬಾಗಿಲು, ಅದರದೇ ಬೀಗ. ಬೀದಿಗೆ ತೆರೆಯುವ ದೊಡ್ಡ ಬಾಗಿಲು, ನೀರಿನ ವಾಲ್ವು, ಕರೆಂಟಿನ ಮೇನ್ ಸ್ವಿಚ್ಚು ಮಾತ್ರ ಮಾಲೀಕರ ವಶದಲ್ಲಿ. ಹೈಪರ್‌ವೈಸರ್ ಎಂಬ ತಂತ್ರಾಂಶ ಆ ಮಾಲೀಕರ ಜಾಗದಲ್ಲಿದೆ. ಬಾಡಿಗೆದಾರರ ಬೀಗ ಒಡೆದರೆ ಕಳ್ಳನಿಗೆ ಒಂದು ಮನೆ ಸಿಗುತ್ತದೆ, ಮಾಲೀಕರ ಬೀಗದಕೈ ಸಿಕ್ಕಿದರೆ ಇಡೀ ವಠಾರ. ಆದ್ದರಿಂದ ಈ ಪೋರ್ಟ್‌ಗಳನ್ನು ಒಂದೇ ಪಟ್ಟಿಯಾಗಿ ಓದದೆ, ಹೋಸ್ಟನ್ನು, ಅಂದರೆ ಯಂತ್ರಗಳನ್ನು ಹೊತ್ತ ಸರ್ವರನ್ನು, ನಿರ್ವಹಿಸುವ ಪೋರ್ಟ್ ಯಾವುದು, ಒಳಗಿನ ಯಂತ್ರವನ್ನು ಬಳಸುವ ಪೋರ್ಟ್ ಯಾವುದು ಎಂದು ಬೇರ್ಪಡಿಸಿ ನೋಡಬೇಕು. ಮೊದಲನೆಯ ಬಗೆಯ ಒಂದು ಪೋರ್ಟ್ ಅಜಾಗರೂಕತೆಯಿಂದ ತೆರೆದುಕೊಂಡರೆ ಆಗುವ ನಷ್ಟಕ್ಕೂ ಎರಡನೆಯದರ ನಷ್ಟಕ್ಕೂ ಹೋಲಿಕೆಯೇ ಇಲ್ಲ.

ಸಂಖ್ಯೆಗಳು ಬಂದ ಬಗೆ

ಪೋರ್ಟ್ ಸಂಖ್ಯೆಗೆ 16 ಬಿಟ್‌ಗಳ ಜಾಗ ಮೀಸಲು. ಹಾಗಾಗಿ 0ಯಿಂದ 65535ರವರೆಗೆ ಸಂಖ್ಯೆಗಳು ಲಭ್ಯ. 1023ರವರೆಗಿನವು ಪ್ರಸಿದ್ಧ ಸೇವೆಗಳಿಗೆ, ಅಲ್ಲಿಂದ 49151ರವರೆಗಿನವು ನೋಂದಣಿಗೆ. 49152ರಿಂದ ಮುಂದಿನವು ಯಾರ ಹೆಸರಿಗೂ ಸೇರದ ತಾತ್ಕಾಲಿಕ ಬಳಕೆಗೆ. ಈ ಕ್ರಮದ ಮೂಲದಲ್ಲಿ ಇದ್ದವರು ಜಾನ್ ಪೋಸ್ಟೆಲ್. 1972ರಲ್ಲೇ ಅವರು ಸಂಖ್ಯೆಗಳಿಗೆ ಒಂದು ಅಧಿಕೃತ ಪಟ್ಟಿ ಬೇಕು ಎಂದು ಸೂಚಿಸಿ, 1998ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸದ ಹೊಣೆ ಹೊತ್ತರು. ಇಂದು ಆ ಪಟ್ಟಿ ಐಎಎನ್ಎ ಸಂಸ್ಥೆಯ ಸುಪರ್ದಿಯಲ್ಲಿದೆ.

ದೂರದ ಯಂತ್ರಗಳನ್ನು ನಡೆಸುವವರೆಲ್ಲ ದಿನವೂ ಬಳಸುವ 22ರ ಹುಟ್ಟು ಆ ಕಾಲದ ಸರಳತೆಯನ್ನು ತೋರಿಸುತ್ತದೆ. ಹೆಲ್ಸಿಂಕಿಯ ತಾಟು ಇಲೋನೆನ್ 1995ರಲ್ಲಿ ಎಸ್ಎಸ್ಎಚ್ ಬರೆದಾಗ, ಗುಪ್ತಪದವನ್ನು ಬಯಲಲ್ಲೇ ಕಳಿಸುತ್ತಿದ್ದ ಟೆಲ್ನೆಟ್ ಮತ್ತು ಎಫ್‌ಟಿಪಿಗಳ ಜಾಗಕ್ಕೆ ಅದನ್ನು ತರುವುದು ಅವರ ಉದ್ದೇಶವಾಗಿತ್ತು. ಎಫ್‌ಟಿಪಿಗೆ 21, ಟೆಲ್ನೆಟ್‌ಗೆ 23. ನಡುವಿನ 22 ಖಾಲಿ ಇತ್ತು. ಜುಲೈನಲ್ಲಿ ಒಂದು ಇಮೇಲ್ ಬರೆದು ಕೇಳಿದರು, ಮರುದಿನವೇ ಜಾಯ್ಸ್ ರೆನಾಲ್ಡ್ಸ್ ಅವರಿಂದ ಒಪ್ಪಿಗೆ ಬಂತು. ವರ್ಚುವಲೀಕರಣದ ಬಹುತೇಕ ಹೋಸ್ಟ್‌ಗಳಲ್ಲಿ ಈ 22 ಇಂದಿಗೂ ಕೊನೆಯ ಆಸರೆ. ಬ್ರೌಸರ್ ಪುಟ ತೆರೆಯದಿದ್ದಾಗ, ನಿರ್ವಹಣೆಯ ಸೇವೆಯೇ ನಿಂತಾಗ, ಒಳಹೋಗಿ ಅದನ್ನು ಎಬ್ಬಿಸಲು ಉಳಿಯುವ ದಾರಿ ಅದೊಂದೇ. ವಿಎಂವೇರ್ ಕಂಪನಿಯ ಇಎಸ್ಎಕ್ಸ್ಐ ಎಂಬ ಹೈಪರ್‌ವೈಸರ್‌ನಲ್ಲಿ ಮಾತ್ರ ಅದು ಮುಚ್ಚಿಯೇ ಬರುತ್ತದೆ. ಬೇಕಾದವರು ಬೇಕಾದಾಗ ತೆರೆದುಕೊಳ್ಳಬೇಕು. ಇದು ಒಳ್ಳೆಯ ಪದ್ಧತಿ.

ಹೋಸ್ಟ್‌ನ ಬಾಗಿಲುಗಳು

1998ರಲ್ಲಿ ಸ್ಥಾಪನೆಯಾದ ವಿಎಂವೇರ್ 2001ರಲ್ಲಿ ಇಎಸ್ಎಕ್ಸ್ ಅನ್ನು ಹೊರತಂದಿತು. ಈ ಕುಟುಂಬದಲ್ಲಿ ಹೆಚ್ಚಿನ ಕೆಲಸ ನಡೆಯುವುದು ಟಿಸಿಪಿ 443ರಲ್ಲಿ. ಬ್ರೌಸರ್‌ನಿಂದ ಬರುವ ನಿರ್ವಾಹಕರು, ಸ್ಕ್ರಿಪ್ಟ್‌ಗಳು, ಬ್ಯಾಕಪ್ ತಂತ್ರಾಂಶಗಳು ಎಲ್ಲವೂ ಮೊದಲು ಬಡಿಯುವ ಬಾಗಿಲು ಅದು. ಹಲವು ಹೋಸ್ಟ್‌ಗಳನ್ನು ಒಟ್ಟಿಗೆ ಆಳುವ ವಿಸೆಂಟರ್‌ಗೆ, ತನ್ನದೇ ಆರೋಗ್ಯ ನೋಡಿಕೊಳ್ಳುವ ಪುಟಕ್ಕಾಗಿ 5480 ಪ್ರತ್ಯೇಕವಾಗಿ ಇದೆ. ಈ ಎರಡಕ್ಕಿಂತ ಹೆಚ್ಚು ಜನರನ್ನು ಕಾಡಿರುವುದು 902. ಐಎಎನ್ಎ ಪಟ್ಟಿಯಲ್ಲಿ ಈ ಸಂಖ್ಯೆ ಐಡಿಯಾಫಾರ್ಮ್-ಡೋರ್ ಎಂಬ ಬೇರೊಂದು ಸೇವೆಯ ಹೆಸರಿನಲ್ಲಿದೆ. ಡೇಟಾ ಸೆಂಟರ್‌ಗಳಲ್ಲಿ ಮಾತ್ರ 902 ಎಂದರೆ ವಿಎಂವೇರ್ ಎಂದೇ ಅರ್ಥ. ನೋಂದಣಿ ಒಬ್ಬರದು, ರೂಢಿ ಇನ್ನೊಬ್ಬರದು ಆಗಿರುವುದು ಪೋರ್ಟ್‌ಗಳ ಲೋಕದಲ್ಲಿ ಅಪರೂಪವೇನಲ್ಲ.

902 ಎರಡು ಬೇರೆ ಕೆಲಸ ಮಾಡುತ್ತದೆ. ಟಿಸಿಪಿಯಲ್ಲಿ ಅದು ಡಿಸ್ಕ್ ಕಡತಗಳ ನಕಲು, ಬ್ಯಾಕಪ್ ಮತ್ತು ಹಳೆಯ ಆವೃತ್ತಿಗಳ ಕನ್ಸೋಲ್ ಸಂಪರ್ಕವನ್ನು ಸಾಗಿಸುತ್ತದೆ. ಯುಡಿಪಿಯಲ್ಲಿ ಹೋಸ್ಟ್‌ನ ನಾಡಿಬಡಿತವನ್ನು. ಪ್ರತಿ 10 ಸೆಕೆಂಡಿಗೊಮ್ಮೆ ಪ್ರತಿ ಹೋಸ್ಟ್ ತಾನು ಬದುಕಿದ್ದೇನೆ ಎಂದು ವಿಸೆಂಟರ್‌ಗೆ ಒಂದು ಪುಟ್ಟ ಪ್ಯಾಕೆಟ್ ಕಳಿಸುತ್ತದೆ. 60 ಸೆಕೆಂಡು ಆ ಪ್ಯಾಕೆಟ್ ಬರದಿದ್ದರೆ ವಿಸೆಂಟರ್ ಆ ಹೋಸ್ಟನ್ನು ಉತ್ತರಿಸುತ್ತಿಲ್ಲ ಎಂದು ಗುರುತಿಸುತ್ತದೆ. ಇದರಿಂದ ಹುಟ್ಟುವ ದೋಷ ನೋಡಲು ವಿಚಿತ್ರ. ಹೊಸ ಹೋಸ್ಟನ್ನು ಸೇರಿಸುತ್ತೀರಿ. 443 ತೆರೆದಿರುವುದರಿಂದ ಗುಪ್ತಪದ ಒಪ್ಪಿಗೆಯಾಗಿ, ಪಟ್ಟಿಯಲ್ಲಿ ಹೆಸರು ಮೂಡಿ, ಒಳಗಿನ ಯಂತ್ರಗಳೆಲ್ಲ ಕಾಣಿಸುತ್ತವೆ. ಸಮಾಧಾನದಿಂದ ಕಾಫಿಗೆ ಏಳುವಷ್ಟರಲ್ಲಿ, ಸುಮಾರು ಒಂದು ನಿಮಿಷಕ್ಕೆ, ಹೋಸ್ಟ್ ಬೂದುಬಣ್ಣಕ್ಕೆ ತಿರುಗಿ ಸಂಪರ್ಕ ಕಡಿದಿರುತ್ತದೆ. ಮತ್ತೆ ಸೇರಿಸಿದರೆ ಮತ್ತೆ ಬರುತ್ತದೆ, ಮತ್ತೆ ಒಂದು ನಿಮಿಷಕ್ಕೆ ಹೋಗುತ್ತದೆ. ಕೇಬಲ್ ಬದಲಿಸಿ, ಸರ್ವರ್ ರೀಬೂಟ್ ಮಾಡಿ ರಾತ್ರಿ ಕಳೆದವರಿದ್ದಾರೆ. ಕಾರಣ ಇಷ್ಟೇ: ಫೈರ್‌ವಾಲ್ ನಿಯಮ ಬರೆದವರು 902ಕ್ಕೆ ಟಿಸಿಪಿ ಬಿಟ್ಟು ಯುಡಿಪಿಯನ್ನು ಮರೆತಿದ್ದಾರೆ, ಅಥವಾ ಪ್ಯಾಕೆಟ್ ಹೋಗುವ ದಿಕ್ಕು ಹೋಸ್ಟ್‌ನಿಂದ ವಿಸೆಂಟರ್ ಕಡೆಗೆ ಎಂಬುದನ್ನು ಗಮನಿಸಿಲ್ಲ. ಪೋರ್ಟ್ ಕೋಷ್ಟಕವನ್ನು ಓದುವಾಗ ಸಂಖ್ಯೆಯಷ್ಟೇ ಮುಖ್ಯವಾದ ಎರಡು ಅಂಕಣಗಳು ಇವು: ಪ್ರೋಟೋಕಾಲ್ ಯಾವುದು, ಮೊದಲು ಮಾತಾಡುವವರು ಯಾರು.

ಮೈಕ್ರೋಸಾಫ್ಟ್‌ನ ಹೈಪರ್-ವಿ ಬಂದದ್ದು 2008ರಲ್ಲಿ. ವಿಂಡೋಸ್‌ನ ಒಳಗೇ ಬೆಳೆದದ್ದರಿಂದ ಅದರ ಪೋರ್ಟ್‌ಗಳಲ್ಲಿ ಹೆಚ್ಚಿನವು ವಿಂಡೋಸ್‌ನವೇ. ದೂರದಿಂದ ಆಜ್ಞೆ ಕಳಿಸಲು ವಿನ್ಆರ್‌ಎಂನ 5985 ಮತ್ತು 5986, ಹಳೆಯ ನಿರ್ವಹಣಾ ಕ್ರಮಕ್ಕೆ 135 ಹಾಗೂ ಅದರ ಬೆನ್ನಿಗೆ ಪ್ರತಿ ಸಲವೂ ಬದಲಾಗುವ 49152ರ ಮೇಲಿನ ಯಾವುದೋ ಸಂಖ್ಯೆ. ಹೀಗೆ ಬದಲಾಗುವ ಸಂಖ್ಯೆಗಳು ಫೈರ್‌ವಾಲ್ ನೋಡಿಕೊಳ್ಳುವವರಿಗೆ ದೊಡ್ಡ ತಲೆನೋವು. ಹೈಪರ್-ವಿಯದೇ ಸ್ವಂತ ಸಂಖ್ಯೆ ಎಂದರೆ 2179. ವಿಎಂ-ಕನೆಕ್ಟ್ ಎಂಬ ಕನ್ಸೋಲ್ ಹೋಸ್ಟ್‌ನ ಈ ಪೋರ್ಟ್‌ಗೆ ಬಂದು ಒಳಗಿನ ಯಂತ್ರದ ಪರದೆಯನ್ನು ತೋರಿಸುತ್ತದೆ. ಒಳಗಿನ ಯಂತ್ರಕ್ಕೆ ಐಪಿ ವಿಳಾಸವೇ ಇಲ್ಲದಿದ್ದರೂ ಇದು ನಡೆಯುತ್ತದೆ.

ಲಿನಕ್ಸ್ ಕರ್ನೆಲ್‌ಗೆ 2007ರಲ್ಲಿ, 2.6.20ನೇ ಆವೃತ್ತಿಯಲ್ಲಿ ಕೆವಿಎಂ ಸೇರಿತು. ಅದನ್ನು ಆಳುವ ಲಿಬ್‌ವರ್ಟ್‌ಗೆ 16509 ಮತ್ತು ಗೂಢಲಿಪಿಯ 16514 ಎಂಬ ಎರಡು ಪೋರ್ಟ್‌ಗಳಿವೆ. ಮೊದಲನೆಯದು ಮುಚ್ಚಿಯೇ ಬರುತ್ತದೆ. ಬಹುತೇಕರು ಎರಡನ್ನೂ ಬಿಟ್ಟು ಎಸ್ಎಸ್ಎಚ್ ಸುರಂಗದ ಮೂಲಕವೇ ಲಿಬ್‌ವರ್ಟ್ ಜೊತೆ ಮಾತಾಡುತ್ತಾರೆ. ಸಣ್ಣ ಸಂಸ್ಥೆಗಳಲ್ಲೂ ಕಾಲೇಜುಗಳ ಲ್ಯಾಬ್‌ಗಳಲ್ಲೂ ಜನಪ್ರಿಯವಾಗಿರುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಹೊರಗಿನವರಿಗೆ ಕಾಣುವ ಬಾಗಿಲು 8006. ನಿಜವಾದ ಅಧಿಕಾರ ಇರುವ ಸೇವೆ 85ರಲ್ಲಿ, ಅದೂ 127.0.0.1 ವಿಳಾಸದಲ್ಲಿ ಮಾತ್ರ ಕಿವಿಗೊಟ್ಟು ಕೂತಿರುತ್ತದೆ. ಮುಂದಿನ ಬಾಗಿಲಲ್ಲಿ ಕೂತವರಿಗೆ ಅಧಿಕಾರ ಕಡಿಮೆ, ಅಧಿಕಾರ ಇರುವವರು ಒಳಮನೆಯಲ್ಲಿ. ಈ ಜೋಡಣೆ ಅನುಕರಣೀಯ.

ಇಷ್ಟೆಲ್ಲದರ ಕೆಳಗೆ, ಕಬ್ಬಿಣದ ಪೆಟ್ಟಿಗೆಯನ್ನೇ ದೂರದಿಂದ ಆರಿಸಿ ಹೊತ್ತಿಸುವ ಐಪಿಎಂಐ ಇದೆ. ಅದರದು ಯುಡಿಪಿ 623. ಅದರ 2.0 ಆವೃತ್ತಿಯ ವಿನ್ಯಾಸದಲ್ಲೇ ಒಂದು ಕೊರತೆ ಇದೆ: ಲಾಗಿನ್ ಪೂರ್ತಿಯಾಗುವ ಮೊದಲೇ ಬಳಕೆದಾರರ ಗುಪ್ತಪದದ ಹ್ಯಾಷನ್ನು ಅದು ಕೇಳಿದವರಿಗೆ ಕೊಟ್ಟುಬಿಡುತ್ತದೆ. ಇದಕ್ಕೆ ತೇಪೆ ಇಲ್ಲ. 623ನ್ನು ಹೊರಗಿನ ಕಣ್ಣಿಗೆ ಬೀಳದಂತೆ ಇಡುವುದೊಂದೇ ದಾರಿ.

ಪರದೆ ಕಾಣುವ ಪೋರ್ಟ್‌ಗಳು

ಯಂತ್ರದ ಒಳಗಿನ ನೆಟ್‌ವರ್ಕ್ ಕೆಟ್ಟಾಗ ಎಸ್ಎಸ್ಎಚ್ ಕೆಲಸಕ್ಕೆ ಬಾರದು. ಆಗ ಬೇಕಾಗುವುದು ಆ ಯಂತ್ರದ ಪರದೆ. ಕೇಂಬ್ರಿಜ್‌ನ ಆಲಿವೆಟ್ಟಿ ಸಂಶೋಧನಾಲಯದಲ್ಲಿ ರೂಪುಗೊಂಡ ವಿಎನ್‌ಸಿ ಇಲ್ಲಿನ ಹಿರಿಯ. ಅದರ ಲೆಕ್ಕ ಸುಲಭ: ಪರದೆಯ ಸಂಖ್ಯೆಗೆ 5900 ಕೂಡಿಸಿ. ಸೊನ್ನೆಯ ಪರದೆ 5900, ಒಂದನೆಯದು 5901. ಲಿಬ್‌ವರ್ಟ್ ಈ ಸಂಖ್ಯೆಗಳನ್ನು ಯಂತ್ರಗಳು ಏಳುವ ಸರದಿಯಲ್ಲಿ ಹಂಚುತ್ತದೆ. ನಿನ್ನೆ 5901ರಲ್ಲಿ ಕಂಡ ಲೆಕ್ಕಪತ್ರದ ಸರ್ವರ್, ರೀಬೂಟ್ ಆದ ಮೇಲೆ 5903ರಲ್ಲಿ ಕಾಣಿಸಬಹುದು, 5901ರಲ್ಲಿ ಬೇರೆಯೇ ಯಂತ್ರ ಇರಬಹುದು. ನೆನಪನ್ನು ನಂಬಿ ಯಾವ ಯಂತ್ರ ಎಂದು ನೋಡದೆ ಶಟ್‌ಡೌನ್ ಒತ್ತುವುದು ಇಲ್ಲಿ ತೀರಾ ಅಪಾಯಕಾರಿ.

ವಿಎನ್‌ಸಿಯ ಮೂಲ ಗುಪ್ತಪದ ಪದ್ಧತಿ ಮೊದಲ 8 ಅಕ್ಷರಗಳನ್ನು ಮಾತ್ರ ಗಣಿಸುತ್ತದೆ. ಎಷ್ಟೇ ಉದ್ದದ ಗುಪ್ತಪದ ಇಟ್ಟರೂ ಒಂಬತ್ತನೆಯ ಅಕ್ಷರದಿಂದ ಮುಂದಿನದು ವ್ಯರ್ಥ. ಆದ್ದರಿಂದ ಈ ಪೋರ್ಟ್ ಎಲ್ಲಿ ಕಿವಿಗೊಟ್ಟಿದೆ ಎಂಬುದೇ ದೊಡ್ಡ ಪ್ರಶ್ನೆ. ಹೋಸ್ಟ್‌ನಲ್ಲಿ ತೆರೆದ ಪೋರ್ಟ್‌ಗಳ ಪಟ್ಟಿ ತೆಗೆದು 5900 ಇರುವ ಸಾಲನ್ನು ನೋಡಿ. 127.0.0.1:5900 ಎಂದಿದ್ದರೆ ಆ ಪರದೆ ಅದೇ ಹೋಸ್ಟ್‌ನ ಒಳಗಿನವರಿಗೆ ಮಾತ್ರ. 0.0.0.0:5900 ಎಂದಿದ್ದರೆ, ಫೈರ್‌ವಾಲ್ ತಡೆಯದ ಹೊರತು, ಆ ಹೋಸ್ಟನ್ನು ತಲುಪಬಲ್ಲ ಎಲ್ಲರಿಗೂ. ಎರಡು ಸಾಲುಗಳ ನಡುವಿನ ವ್ಯತ್ಯಾಸ ಕೆಲವೇ ಅಂಕಿಗಳದು. ಲಿಬ್‌ವರ್ಟ್ ಮೊದಲನೆಯದನ್ನೇ ಇಟ್ಟುಕೊಡುತ್ತದೆ. ದೂರದಿಂದ ನೋಡುವ ಅವಸರದಲ್ಲಿ ಅದನ್ನು ಎರಡನೆಯದಕ್ಕೆ ಬದಲಿಸಿ ಮರೆಯುವವರು ನಾವು.

ಕುಮ್ರಾನೆಟ್ ಕಂಪನಿ ಬೆಳೆಸಿದ ಸ್ಪೈಸ್ ಧ್ವನಿಯನ್ನೂ ಯುಎಸ್‌ಬಿಯನ್ನೂ ಪರದೆಯ ಜೊತೆ ಸಾಗಿಸುತ್ತದೆ. ಸಂಖ್ಯೆಗಳನ್ನು 5900ರ ಸಾಲಿನಿಂದಲೇ ಪಡೆಯುತ್ತದೆ. ಈಚೆಗೆ ಪರದೆಗಳೆಲ್ಲ ಬ್ರೌಸರ್‌ನೊಳಗೆ ಬಂದಿವೆ. ಕ್ಲೌಡ್ ತಂತ್ರಾಂಶವಾದ ಓಪನ್‌ಸ್ಟ್ಯಾಕ್‌ನ ನೋವಿಎನ್‌ಸಿ ಪ್ರಾಕ್ಸಿ 6080ರಲ್ಲಿ ನಿಂತು ಬ್ರೌಸರ್‌ನ ವೆಬ್‌ಸಾಕೆಟ್ಟನ್ನು ಒಳಗಿನ 5900ಕ್ಕೆ ಜೋಡಿಸುತ್ತದೆ. ಪ್ರಾಕ್ಸ್‌ಮಾಕ್ಸ್ ಅದನ್ನು 8006ರ ಒಳಗೇ ಸೇರಿಸಿದೆ.

ವಿಂಡೋಸ್ ಯಂತ್ರಗಳನ್ನು ಬಳಸುವವರಿಗೆ ಆರ್‌ಡಿಪಿಯ 3389 ಚಿರಪರಿಚಿತ. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ದೋಷ, ಲಾಗಿನ್ ಆಗದೆಯೇ ಈ ಪೋರ್ಟ್ ಮೂಲಕ ಹಳೆಯ ವಿಂಡೋಸ್ ಒಳಗೆ ನುಗ್ಗಲು ಎಡೆ ಮಾಡಿತ್ತು. ಮೈಕ್ರೋಸಾಫ್ಟ್ ತಾನು ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಆಗ ತೇಪೆ ಕೊಟ್ಟಿತು ಎಂದರೆ ಗಂಡಾಂತರದ ಅಳತೆ ತಿಳಿಯುತ್ತದೆ. ಕಚೇರಿಯ ನೂರಾರು ಡೆಸ್ಕ್‌ಟಾಪ್‌ಗಳನ್ನೇ ಸರ್ವರ್‌ನಲ್ಲಿ ನಡೆಸುವ ವ್ಯವಸ್ಥೆಗಳಲ್ಲಿ ಸಿಟ್ರಿಕ್ಸ್‌ನ 1494 ಮತ್ತು 2598, ಪಿಸಿಒಐಪಿಯ 4172, ಬ್ಲಾಸ್ಟ್‌ನ 8443 ಕಾಣಸಿಗುತ್ತವೆ.

ಓಡುತ್ತಲೇ ಮನೆ ಬದಲಿಸುವುದು

ವರ್ಚುವಲ್ ಯಂತ್ರವನ್ನು ನಿಲ್ಲಿಸದೆಯೇ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವುದು ಈ ತಂತ್ರಜ್ಞಾನದ ಅತಿ ಸೊಗಸಾದ ಸಾಧನೆ. ವಿಎಂವೇರ್ 2003ರಲ್ಲಿ ವಿಮೋಷನ್ ಎಂಬ ಹೆಸರಿನಲ್ಲಿ ಇದನ್ನು ತಂದಿತು. ಅದರ ಪೋರ್ಟ್ ಟಿಸಿಪಿ 8000. ಹೈಪರ್-ವಿಯಲ್ಲಿ 6600, ಲಿಬ್‌ವರ್ಟ್‌ನಲ್ಲಿ 49152ರಿಂದ 49215ರವರೆಗೆ 64 ಸಂಖ್ಯೆಗಳು, ಪ್ರಾಕ್ಸ್‌ಮಾಕ್ಸ್‌ನ ಗೂಢಲಿಪಿಯಿಲ್ಲದ ವಿಧಾನದಲ್ಲಿ 60000ದಿಂದ 60050.

ಈ ಪೋರ್ಟ್‌ಗಳಲ್ಲಿ ಹರಿಯುವುದು ಯಂತ್ರದ ಇಡೀ ಮೆಮೊರಿ. ಡಿಸ್ಕ್‌ನಲ್ಲಿ ಗೂಢಲಿಪಿಯಾಗಿ ಭದ್ರವಾಗಿದ್ದ ಬೀಗದಕೈಗಳು, ಆಗ ತಾನೇ ಟೈಪಿಸಿದ ಗುಪ್ತಪದ, ಬ್ಯಾಂಕಿನ ಗ್ರಾಹಕರ ವಿವರ, ಎಲ್ಲವೂ ಮೆಮೊರಿಯಲ್ಲಿ ಬಿಚ್ಚಿಟ್ಟಂತೆ ಇರುತ್ತವೆ. ವಿಮೋಷನ್‌ಗೆ ಗೂಢಲಿಪಿಯ ಸೌಲಭ್ಯ ಬಂದದ್ದು 2016ರ 6.5 ಆವೃತ್ತಿಯಲ್ಲಿ. ಅದಕ್ಕೆ ಮೊದಲು ಹದಿಮೂರು ವರ್ಷ ಈ ಮೆಮೊರಿ ಬಯಲಲ್ಲೇ ಹೋಗುತ್ತಿತ್ತು. ಸ್ಥಳಾಂತರಕ್ಕೆ ಪ್ರತ್ಯೇಕ ನೆಟ್‌ವರ್ಕ್ ಇರಲಿ ಎಂದು ಕೈಪಿಡಿಗಳು ಒತ್ತಿ ಹೇಳಲು ವೇಗ ಒಂದು ಕಾರಣ, ಇದು ಇನ್ನೊಂದು.

ಸಂಖ್ಯೆ ಆರಿಸುವುದರಲ್ಲೂ ಎಡವಟ್ಟಾಗುತ್ತದೆ. ಲಿನಕ್ಸ್ ತನ್ನಿಂದ ಹೊರಹೋಗುವ ಸಂಪರ್ಕಗಳಿಗೆ 32768ರಿಂದ 60999ರವರೆಗಿನ ಸಂಖ್ಯೆಗಳನ್ನು ಮನಬಂದಂತೆ ಬಳಸುತ್ತದೆ. 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಆರಂಭಿಸಿದ ಓಪನ್‌ಸ್ಟ್ಯಾಕ್‌ನಲ್ಲಿ, ಗುರುತು ಪರೀಕ್ಷಿಸುವ ಕೀಸ್ಟೋನ್ ಸೇವೆಯ ಆಡಳಿತಕ್ಕೆ 35357 ಎಂಬ ಸಂಖ್ಯೆ ಇತ್ತು. ಅದು ಈ ವ್ಯಾಪ್ತಿಯ ಒಳಗೇ ಬೀಳುತ್ತದೆ. ಎಂದೋ ಒಂದು ದಿನ ಕೀಸ್ಟೋನ್ ಮರುಪ್ರಾರಂಭವಾಗುವ ಹೊತ್ತಿಗೆ ಬೇರೆ ಯಾವುದೋ ಸಂಪರ್ಕ ಅದೇ ಸಂಖ್ಯೆಯನ್ನು ಹಿಡಿದು ಕೂತಿದ್ದರೆ, ಸೇವೆ ಏಳುವುದಿಲ್ಲ. ಮತ್ತೆ ಪ್ರಯತ್ನಿಸಿದರೆ ಏಳಬಹುದು. ಕಾರಣ ಗೊತ್ತಿಲ್ಲದವರಿಗೆ ಇದು ದೆವ್ವದ ಕಾಟದಂತೆ ಕಾಣುತ್ತದೆ. ಆ ಸಂಖ್ಯೆಯನ್ನು ಕರ್ನೆಲ್‌ನಲ್ಲಿ ಮುಂಚಿತವಾಗಿ ಕಾಯ್ದಿರಿಸುವುದು ಪರಿಹಾರ. ಮುಂದೆ ಆಡಳಿತದ ಕೆಲಸವೂ ಕೀಸ್ಟೋನ್‌ನ ಸಾಮಾನ್ಯ ಪೋರ್ಟ್ ಆದ 5000ಕ್ಕೇ ಸೇರಿಹೋಯಿತು. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಹೊರಗಿನಿಂದ ತಲುಪಬೇಕಾದ ಸೇವೆಗಳಿಗೆ ಕೊಡುವ ಸಂಖ್ಯೆಗಳು 30000ದಿಂದ 32767ರವರೆಗೆ, ಲಿನಕ್ಸ್‌ನ ವ್ಯಾಪ್ತಿ ಶುರುವಾಗುವುದಕ್ಕೆ ಸರಿಯಾಗಿ ಒಂದು ಸಂಖ್ಯೆ ಮುಂಚೆ ನಿಲ್ಲುತ್ತವೆ.

ಕಂಟೇನರ್‌ಗಳು

ಪೂರ್ತಿ ಯಂತ್ರದ ಬದಲು ಒಂದೇ ಕರ್ನೆಲ್ಲನ್ನು ಹಂಚಿಕೊಳ್ಳುವ ಕಂಟೇನರ್‌ಗಳದು ಹಗುರ ಬಗೆಯ ವರ್ಚುವಲೀಕರಣ. 2013ರಲ್ಲಿ ಬಂದ ಡಾಕರ್‌ಗೆ 2375 ಮತ್ತು 2376 ಎಂಬ ಎರಡು ಪೋರ್ಟ್‌ಗಳು. ಎರಡನೆಯದು ಪ್ರಮಾಣಪತ್ರ ಕೇಳುತ್ತದೆ, ಮೊದಲನೆಯದು ಏನನ್ನೂ ಕೇಳುವುದಿಲ್ಲ. 2375ಕ್ಕೆ ಬಂದವರು ಯಾರೇ ಆಗಲಿ, ಹೋಸ್ಟ್‌ನ ಇಡೀ ಡಿಸ್ಕನ್ನು ತನ್ನೊಳಗೆ ಜೋಡಿಸಿಕೊಂಡ ಒಂದು ಕಂಟೇನರನ್ನು ಹುಟ್ಟಿಸಿ, ಅದರ ಮೂಲಕ ಹೋಸ್ಟ್‌ನ ಪರಮಾಧಿಕಾರ ಪಡೆಯಬಹುದು. ಇದಕ್ಕೆ ತಂತ್ರಾಂಶದಲ್ಲಿ ಯಾವ ದೋಷವೂ ಇರಬೇಕಿಲ್ಲ, ಅದರ ಸಹಜ ನಡವಳಿಕೆಯೇ ಹೀಗೆ. ಕ್ರಿಪ್ಟೋ ನಾಣ್ಯ ಗಣಿಗಾರಿಕೆಯ ಕಿನ್ಸಿಂಗ್, ಟೀಮ್‌ಟಿಎನ್‌ಟಿಯಂಥ ಗುಂಪುಗಳು ಹುಡುಕಾಡಿದ್ದು ಇಂಥ ತೆರೆದ ಬಾಗಿಲುಗಳನ್ನೇ. ಕುಬರ್ನೆಟಿಸ್‌ನಲ್ಲಿ 6443, 10250 ಮತ್ತು ಎಟಿಸಿಡಿಯ 2379 ಅಷ್ಟೇ ಎಚ್ಚರ ಬೇಡುವ ಸಂಖ್ಯೆಗಳು. ಎಟಿಸಿಡಿಯಲ್ಲಿ ಇಡೀ ಕ್ಲಸ್ಟರ್‌ನ ಗುಟ್ಟುಗಳಿವೆ.

427ರ ಕಥೆ

ಇಎಸ್ಎಕ್ಸ್ಐಯಲ್ಲಿ ನಿರ್ವಾಹಕರು ಹೆಚ್ಚಾಗಿ ನೆನಪಿಡದ ಒಂದು ಪೋರ್ಟ್ ಇತ್ತು: 427. ನೆಟ್‌ವರ್ಕ್‌ನಲ್ಲಿ ಯಾವ ಸೇವೆ ಎಲ್ಲಿದೆ ಎಂದು ಹೇಳುವ ಎಸ್ಎಲ್‌ಪಿಯದು ಅದು. 2021ರ ಫೆಬ್ರವರಿಯಲ್ಲಿ ಅದರಲ್ಲಿ ಒಂದು ದೋಷ ಪತ್ತೆಯಾಗಿ, ಸಿವಿಇ-2021-21974 ಎಂಬ ಹೆಸರಿನಲ್ಲಿ ತೇಪೆ ಬಿಡುಗಡೆಯಾಯಿತು. ಅದೇ ವರ್ಷ ಹೊಸ ಆವೃತ್ತಿಗಳಲ್ಲಿ ವಿಎಂವೇರ್ ಎಸ್ಎಲ್‌ಪಿಯನ್ನು ಮುಚ್ಚಿಯೇ ಕಳಿಸಲು ಶುರುಮಾಡಿತು. ಹಳೆಯವು ಹಾಗೇ ಉಳಿದವು. ಎರಡು ವರ್ಷ ಕಳೆದು, 2023ರ ಫೆಬ್ರವರಿ 3ರ ಸುಮಾರಿಗೆ ಇಎಸ್ಎಕ್ಸ್ಐಆರ್ಗ್ಸ್ ಎಂಬ ಸುಲಿಗೆ ತಂತ್ರಾಂಶದ ದಾಳಿ ಮೊದಲಾಯಿತು. ಫ್ರಾನ್ಸ್‌ನ ಸರ್ಕಾರಿ ಭದ್ರತಾ ತಂಡ ಮೊದಲು ಎಚ್ಚರಿಸಿದವರಲ್ಲಿ ಒಂದು. ಈ ಹಳೆಯ ದೋಷವೇ ದಾಳಿಕೋರರ ದಾರಿ ಎಂದು ಅದು ಶಂಕಿಸಿತು. ಜಗತ್ತಿನಾದ್ಯಂತ 3,800ಕ್ಕೂ ಹೆಚ್ಚು ಸರ್ವರ್‌ಗಳು ಬಲಿಯಾದವು ಎಂದು ಅಮೆರಿಕದ ಸಂಸ್ಥೆಗಳು ಪ್ರಕಟಿಸಿದವು.

ದಾಳಿಯ ಮೊದಲ ಅಲೆಯಲ್ಲಿ ಯಂತ್ರಗಳ ಸಂರಚನೆಯ ಸಣ್ಣ ಕಡತಗಳು ಹಾಳಾಗಿದ್ದರೂ ದತ್ತಾಂಶ ತುಂಬಿದ ದೊಡ್ಡ ಡಿಸ್ಕ್ ಕಡತಗಳು ಹಲವೆಡೆ ಉಳಿದಿದ್ದವು. ಅವನ್ನು ಆಧರಿಸಿ ಯಂತ್ರವನ್ನು ಮರುಕಟ್ಟುವ ಸ್ಕ್ರಿಪ್ಟನ್ನು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್ಎ ಕೆಲವೇ ದಿನಗಳಲ್ಲಿ ಹಂಚಿತು. ಸುದ್ದಿ ತಿಳಿದ ದಾಳಿಕೋರರು ಮುಂದಿನ ಆವೃತ್ತಿಯಲ್ಲಿ ದೊಡ್ಡ ಕಡತಗಳನ್ನೂ ಹೆಚ್ಚು ಗಾಢವಾಗಿ ಕೆಡಿಸಿದರು. ಇಲ್ಲಿ ನೋವಿನ ಸಂಗತಿ ಒಂದೇ: 427 ಇಂಟರ್‌ನೆಟ್‌ಗೆ ತೆರೆದಿರಬೇಕಾದ ಅಗತ್ಯ ಆ ಸರ್ವರ್‌ಗಳಲ್ಲಿ ಯಾವುದಕ್ಕೂ ಇರಲಿಲ್ಲ.

ಅಡಗಿ ಕೂತರೆ ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳುವಂತಿಲ್ಲ. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಬರೆದ ಝಡ್‌ಮ್ಯಾಪ್, ಒಂದು ಗಿಗಾಬಿಟ್ ಸಂಪರ್ಕದಿಂದ ಇಡೀ ಐಪಿವಿ4 ವಿಳಾಸ ಲೋಕದಲ್ಲಿ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಲ್ಲದು. 22ರ ಬದಲು 2222 ಇಟ್ಟರೆ ಲಾಗ್ ಕಡತದಲ್ಲಿ ಗದ್ದಲ ಕಡಿಮೆಯಾದೀತು, ಹುಡುಕಿ ಬರುವವರನ್ನು ಅದು ತಡೆಯದು.

ಕಾಪಿಡುವ ಕ್ರಮ

ಅನುಭವಸ್ಥರು ನಿರ್ವಹಣೆಯ ಪೋರ್ಟ್‌ಗಳಿಗೆ ಬೇರೆಯದೇ ವಿಲ್ಯಾನ್ ಕೊಟ್ಟು, ಅಲ್ಲಿಗೆ ಹೋಗಲು ವಿಪಿಎನ್ ಮತ್ತು ಜಂಪ್ ಹೋಸ್ಟ್ ಎಂಬ ಒಂದೇ ದಾರಿ ಇಡುತ್ತಾರೆ. ಯಾರು, ಎಷ್ಟು ಹೊತ್ತಿಗೆ, ಯಾವ ಸಂಖ್ಯೆಗೆ ಬಂದರು ಎಂಬ ದಾಖಲೆ ಅಲ್ಲಿ ಉಳಿಯುತ್ತದೆ. ಭಾರತದಲ್ಲಿ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಇಂಥ ಲಾಗ್‌ಗಳನ್ನು 180 ದಿನ ಇಡಬೇಕು, ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ವಿಧಿಸಿದೆ. ಸಾಗರದಾಚೆಯ ಸರ್ವರ್‌ಗಳನ್ನು ರಾತ್ರಿಪಾಳಿಯಲ್ಲಿ ಕಾಯುವ ಬೆಂಗಳೂರಿನ ಸಾವಿರಾರು ಎಂಜಿನಿಯರುಗಳ ಕೆಲಸ ಶುರುವಾಗುವುದೂ ಹೀಗೆಯೇ: ಮೊದಲು ವಿಪಿಎನ್, ಅಲ್ಲಿಂದ ಜಂಪ್ ಹೋಸ್ಟ್, ಆಮೇಲೆ 443 ಅಥವಾ 22.

ತೆರೆದ ಪೋರ್ಟೇ ಬೇಡ ಎನ್ನುವ ವಿಧಾನಗಳೂ ಬಂದಿವೆ. ಅಮೆಜಾನ್‌ನ ಸೆಷನ್ ಮ್ಯಾನೇಜರ್ ಬಳಸಿದರೆ ಯಂತ್ರದಲ್ಲಿ 22 ತೆರೆಯಬೇಕಿಲ್ಲ. ಒಳಗಿನ ಏಜೆಂಟ್ ತಾನೇ 443ರ ಮೂಲಕ ಹೊರಗೆ ಕರೆ ಮಾಡಿ ಆಜ್ಞೆಗಾಗಿ ಕಾಯುತ್ತದೆ. ವಿಂಡೋಸ್ ಸರ್ವರ್ 2016ರ ಪವರ್‌ಶೆಲ್ ಡೈರೆಕ್ಟ್ ನೆಟ್‌ವರ್ಕನ್ನು ಪೂರ್ತಿ ಬಿಟ್ಟು, ಹೋಸ್ಟ್ ಮತ್ತು ಅತಿಥಿ ಯಂತ್ರದ ನಡುವಿನ ವಿಎಂಬಸ್ ಎಂಬ ಒಳದಾರಿಯಲ್ಲಿ ಓಡಾಡುತ್ತದೆ. ಲಿನಕ್ಸ್‌ನಲ್ಲಿ 2013ರಿಂದ ಇರುವ ವಿಸಾಕ್ ಕೂಡ ಹೀಗೆಯೇ. ಅದಕ್ಕೆ ಐಪಿ ವಿಳಾಸ ಬೇಡ, ಕೇಬಲ್ ಬೇಡ. ಹೋಸ್ಟ್‌ನ ಗುರುತು ಯಾವಾಗಲೂ 2. ಪೋರ್ಟ್ ಸಂಖ್ಯೆ ಮಾತ್ರ ಅಲ್ಲೂ ಉಳಿದಿದೆ, 16 ಬಿಟ್‌ಗಳ ಬದಲು 32 ಬಿಟ್‌ಗಳಷ್ಟು ಉದ್ದವಾಗಿ.